ಓಡುವವರ ಮೂಗಿಗೆ ಗವಸು

ಓಡುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬಹುದೆ? ಕಟ್ಟಿಕೊಂಡರೆ ಮೈಗೆ ಕೇಡುಂಟೆ? ಇದು ದೊಡ್ಡ ಪಟ್ಟಣದ ವ್ಯಾಯಾಮಪ್ರಿಯರ ಪ್ರಶ್ನೆಯೆಂದು ನೀವು ತಿಳಿಯಬೇಡಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನಮ್ಮ ಶೆಟ್ಟಿಕೆರೆಯಂಥ ಊರಿನಲ್ಲಿಯೂ ಬೆಳಗಿನ ಜಾವಕ್ಕೆ ಎದ್ದು ಓಡುವ ಹುಡುಗರಿದ್ದಾರೆ. ಅವರದು ಹವ್ಯಾಸದ ಓಟವಲ್ಲ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ನಿಲ್ಲುವ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ ಓಡಿ ಮುಗಿಸಬೇಕು. ಒಂದೇ ಒಂದು ಸೆಕೆಂಡು ತಡವಾಗಿ ಗೆರೆ ಮುಟ್ಟಿದವನು ಬಂದ ಬಸ್ಸಿನಲ್ಲಿಯೇ ಊರಿಗೆ ಹಿಂದಿರುಗಬೇಕು. ವರ್ಷಗಟ್ಟಲೆ ಓದಿದ್ದು ಆ ಸಲಕ್ಕೆ ನೀರುಪಾಲು.

ಈ ಹುಡುಗರಲ್ಲಿ ಕೆಲವರು ಗವಸು ಹಾಕಿಕೊಂಡೇ ಓಡುತ್ತಾರೆ. ಏಕಪ್ಪಾ ಎಂದು ಕೇಳಿದರೆ, ಧೂಳಿಗೆ ಎನ್ನುತ್ತಾನೆ ಒಬ್ಬ. ಉಸಿರನ್ನು ಹೀಗೆ ಬಿಗಿಹಿಡಿದು ಓಡಿದರೆ ದಮ್ಮು ಹೆಚ್ಚುತ್ತದೆ ಸಾರ್, ಎನ್ನುತ್ತಾನೆ ಇನ್ನೊಬ್ಬ. ಮನೆಯ ಹಿರಿಯರಿಗೆ ಮಾತ್ರ ಅದನ್ನು ಕಂಡರೇ ಭಯ. ಒಳಗೆ ಕೆಟ್ಟಗಾಳಿ ತುಂಬಿಕೊಂಡು ಮಗ ಎಲ್ಲಿ ಕುಸಿದುಬೀಳುವನೋ ಎಂದು. ಈ ಮೂವರಲ್ಲಿ ಯಾರ ಮಾತು ಎಷ್ಟು ಸರಿ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಹೆಸರಿನ ವಿಚಾರ. ಕನ್ನಡ ಪಂಡಿತನಾದ್ದರಿಂದ ಇದನ್ನು ಬಿಟ್ಟು ಮುಂದೆ ಹೋಗಲಾರೆ. 2020ರಲ್ಲಿ ಕೊರೋನಾ ಬಂದಾಗ ಪತ್ರಿಕೆಗಳು ‘ಮುಖಗವಸು’ ಎಂದವು. ಜನ ‘ಮಾಸ್ಕು’ ಎಂದರು. ‘ಮುಖವಾಡ’ ಎಂದು ಬರೆದವರೂ ಉಂಟು, ಅದು ಸಲ್ಲದು. ಮುಖವಾಡವೆಂದರೆ ದೇವರಿಗೆ ತೊಡಿಸುವ ಬೆಳ್ಳಿಯ ಮುಖ, ಸೋಮನ ಕುಣಿತದವನು ಹೊರುವ ಮರದ ಮುಖ. ಮುಖದ ಮೇಲೊಂದು ಮುಖ. ಗವಸು ಎಂದರೆ ದಿಂಬಿಗೋ ತಂಬೂರಿಗೋ ಹಾಕುವ ಹೊದಿಕೆ. ಆದರೆ ಕೆಲಸದ ದೃಷ್ಟಿಯಿಂದ ಮಾಸ್ಕಿಗೆ ಹತ್ತಿರದ ನಂಟ ನಮ್ಮ ಒಕ್ಕಲುತನದಲ್ಲಿಯೇ ಇದ್ದ. ಕಣದಲ್ಲಿ ತೆನೆ ತುಳಿಯುವ ಎತ್ತಿನ ಬಾಯಿಗೆ ಕಟ್ಟುತ್ತಿದ್ದ ಕುಕ್ಕೆಯನ್ನು ಹಿರಿಯರು ಬಲ್ಲರು. ಅದನ್ನು ಹೆಣೆದವನಿಗೆ ಎರಡು ಸಂಗತಿ ಗೊತ್ತಿದ್ದವು. ಎತ್ತು ತೆನೆಗೆ ಬಾಯಿ ಹಾಕಬಾರದು. ಅದರ ಉಸಿರಿಗೆ ಅಡ್ಡಿಯೂ ಆಗಬಾರದು. ಆದ್ದರಿಂದಲೇ ಕುಕ್ಕೆಯ ಕಣ್ಣುಗಳು ಅಷ್ಟು ದೊಡ್ಡವು. ತೆನೆಯನ್ನು ತಡೆಯಲು ಅಷ್ಟು ಸಾಕು. ತಡೆಯಬೇಕಾದ ವಸ್ತು ಸಣ್ಣದಾದಂತೆಲ್ಲ ಬಲೆಯ ಕಣ್ಣೂ ಸಣ್ಣದಾಗಬೇಕು. ಕಣ್ಣು ಸಣ್ಣದಾದಂತೆ ಉಸಿರೆಳೆಯುವ ಶ್ರಮ ಹೆಚ್ಚುತ್ತದೆ. ಗವಸಿನ ಶಾಸ್ತ್ರವೆಲ್ಲ ಇರುವುದು ಈ ಎಳೆದಾಟದಲ್ಲಿ.

ಈಗ ನಮ್ಮ ಎದೆಯೊಳಗಿನ ತಿದಿಯನ್ನು ನೋಡೋಣ. ಸುಮ್ಮನೆ ಕುಳಿತು ರೇಡಿಯೋ ಕೇಳುತ್ತಿರುವ ವಯಸ್ಕನು ನಿಮಿಷಕ್ಕೆ 12ರಿಂದ 16 ಸಲ ಉಸಿರಾಡುತ್ತಾನೆ. ಒಂದೊಂದು ಉಸಿರಿಗೆ ಒಳಗೆ ಹೋಗುವುದು ಸುಮಾರು ಅರ್ಧ ಲೀಟರು ಗಾಳಿ. ನಿಮಿಷದ ಲೆಕ್ಕಕ್ಕೆ 6ರಿಂದ 8 ಲೀಟರು. ಅವನೇ ಎದ್ದು ಬಿರುಸಿನಿಂದ ಓಡಿದನೆನ್ನಿ. ಉಸಿರಿನ ಸಂಖ್ಯೆಯೂ ಆಳವೂ ಒಟ್ಟಿಗೆ ಏರಿ, ನಿಮಿಷಕ್ಕೆ 100 ಲೀಟರೂ ಅದಕ್ಕೆ ಮೇಲೂ ಗಾಳಿ ಓಡಾಡುತ್ತದೆ. ಮೂಗಿನ ಕಿರಿದಾದ ಓಣಿ ಅಷ್ಟು ಗಾಳಿಗೆ ಸಾಲದೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಕುಳಿತವನ ಮುಖದ ಗವಸು ಬೇರೆಯಲ್ಲ, ಓಡುವವನ ಮುಖದ ಗವಸು ಬೇರೆಯಲ್ಲ. ಆದರೆ ಅದನ್ನು ಹಾಯ್ದುಹೋಗಬೇಕಾದ ಗಾಳಿ ಮಾತ್ರ ಹತ್ತು ಹದಿನೈದು ಪಾಲು ಹೆಚ್ಚಾಗಿದೆ.

ಎಳನೀರಿನ ಕೊಳವೆಯನ್ನು ನೆನಪಿಗೆ ತಂದುಕೊಳ್ಳಿ. ನಿಧಾನವಾಗಿ ಹೀರಿದರೆ ಶ್ರಮವೇ ತಿಳಿಯದು. ಅದೇ ಎಳನೀರನ್ನು ಒಂದೇ ದಮ್ಮಿಗೆ ಖಾಲಿಮಾಡಲು ಹೊರಟರೆ ಕೆನ್ನೆ ಒಳಸೇರಿ, ದವಡೆ ನೋಯುತ್ತದೆ. ಕೊಳವೆಯ ತೂತೇನೂ ಸಣ್ಣದಾಗಲಿಲ್ಲ. ನಾವು ಕೇಳಿದ ವೇಗ ಹೆಚ್ಚಾಯಿತು, ಅಷ್ಟೆ. ನಡೆಯುವಾಗ ಹಗುರವಾಗಿದ್ದ ಗವಸು ಓಡುವಾಗ ಭಾರವಾಗುವುದು ಇದೇ ಕಾರಣದಿಂದ. ಬಸ್ಸಿನಲ್ಲಿ ಅದು ತೊಂದರೆ ಕೊಡಲಿಲ್ಲವೆಂದು ಮೈದಾನದಲ್ಲಿಯೂ ಕೊಡದೆಂದು ವಾದಿಸುವುದೂ, ಮೈದಾನದಲ್ಲಿ ಕಷ್ಟವಾಯಿತೆಂದು ಬಸ್ಸಿನಲ್ಲಿಯೂ ಬೇಡವೆನ್ನುವುದೂ ಎರಡೂ ತಪ್ಪು.

ಹಿರಿಯರ ಭಯಕ್ಕೆ ಬರೋಣ. ನಾವು ಬಿಡುವ ಉಸಿರಿನಲ್ಲಿ ಇಂಗಾಲಾಮ್ಲ, ಎಂದರೆ ಈಗಿನ ಪಾಠಪುಸ್ತಕಗಳ ಇಂಗಾಲದ ಡೈಆಕ್ಸೈಡು, ನೂರಕ್ಕೆ 4 ಪಾಲಿನಷ್ಟಿರುತ್ತದೆ; ಹೊರಗಿನ ಗಾಳಿಯಲ್ಲಿರುವುದು 0.04 ಪಾಲು. ಅದು ಗವಸಿನೊಳಗೆ ಸೆರೆಯಾಗಿ ಮತ್ತೆ ಒಳಗೆ ಹೋಗಿ ಪ್ರಾಣಕ್ಕೆ ಬಂದೀತೆಂಬುದು ಭಯ. ಆದರೆ ಅಣುಗಳ ಗಾತ್ರವನ್ನು ವಿಚಾರಿಸಿ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಬಟ್ಟೆಯ ನೂಲುಗಳ ನಡುವಿನ ಸಂದು ಹತ್ತಾರು ಮೈಕ್ರಾನು. ಆಮ್ಲಜನಕದ ಅಣುವಾದರೋ ಒಂದು ಮೈಕ್ರಾನಿನ ಮೂರು ಸಾವಿರದ ಒಂದು ಪಾಲು! ಇಂಗಾಲಾಮ್ಲದ ಅಣುವೂ ಹೆಚ್ಚುಕಡಮೆ ಅಷ್ಟೆ. ಇವುಗಳಿಗೆ ಬಟ್ಟೆಯೆಂಬುದು ಹೆಬ್ಬಾಗಿಲು. ಬಿಟ್ಟ ಉಸಿರಿನಲ್ಲಿ ಸ್ವಲ್ಪ ಪಾಲು ತುಟಿಗೂ ಬಟ್ಟೆಗೂ ನಡುವಿನ ಜಾಗದಲ್ಲಿ ಉಳಿದು ಮುಂದಿನ ಉಸಿರಿನೊಡನೆ ಒಳಗೆ ಹೋಗುವುದು ನಿಜ. ಆದರೆ ಆ ಜಾಗ ಅಂಗೈ ಗುಳಿಯಷ್ಟು. ಓಡುವವನ ಒಂದು ಉಸಿರು ಎರಡು ಲೀಟರಿಗೂ ಮೇಲೆ. ಆರೋಗ್ಯವಂತನಲ್ಲಿ ಈ ಬೆರಕೆ ವಿಷವಾಗುವ ಮಟ್ಟವನ್ನು ಮುಟ್ಟದು.

ಹಾಗಾದರೆ ಉಸಿರು ಕಟ್ಟಿದಂತಾಗುವುದು ಸುಳ್ಳೆ? ಸುಳ್ಳಲ್ಲ. ಉಸಿರಿನ ಹಸಿವನ್ನು ಎಬ್ಬಿಸುವುದು ಆಮ್ಲಜನಕದ ಕೊರತೆಗಿಂತ ಹೆಚ್ಚಾಗಿ ರಕ್ತದಲ್ಲಿ ಏರುವ ಇಂಗಾಲಾಮ್ಲ. ಮಿದುಳಿನ ಬುಡದಲ್ಲಿರುವ ಕಾವಲುಗಾರ ಅದರ ಸಣ್ಣ ಏರಿಕೆಯನ್ನೂ ಗುರುತಿಸಿ ‘ಇನ್ನೂ ಜೋರಾಗಿ ಉಸಿರಾಡು’ ಎಂದು ಅಪ್ಪಣೆ ಮಾಡುತ್ತಾನೆ. ಅದರ ಜೊತೆಗೆ ಎದೆಯ ಸ್ನಾಯುಗಳು ಹೆಚ್ಚು ದುಡಿಯಬೇಕು, ಮುಖಕ್ಕೆ ಬಿಸಿ ತಟ್ಟುತ್ತದೆ, ಬಟ್ಟೆ ತುಟಿಗೆ ಅಂಟುತ್ತದೆ. ಇವೆಲ್ಲ ಕೂಡಿದಾಗ ಮನಸ್ಸಿಗೆ ಕಳವಳ. ಕಷ್ಟ ದಿಟ, ವಿಷ ದಿಟವಲ್ಲ ಎಂದು ಹೇಳಬಹುದು.

ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 2020ರಲ್ಲಿ 12 ಮಂದಿ ಆರೋಗ್ಯವಂತ ಗಂಡಸರನ್ನು ಗವಸಿಲ್ಲದೆ, ಆಸ್ಪತ್ರೆಯ ತೆಳುಗವಸಿನೊಡನೆ, ಎನ್-95 ಬಗೆಯ ಬಿಗಿಗವಸಿನೊಡನೆ ಹೀಗೆ ಮೂರು ರೀತಿಯಲ್ಲಿ ದಣಿಸಿ ಪರೀಕ್ಷಿಸಿದರು. ಬಿಗಿಗವಸಿನಲ್ಲಿ ಮೈ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ನೂರಕ್ಕೆ 13ರಷ್ಟು ಇಳಿಯಿತು. ಅದೇ ವರ್ಷ ಕೆನಡದ ಸಸ್ಕಾಚವಾನ್ ವಿಶ್ವವಿದ್ಯಾನಿಲಯದವರು 14 ಮಂದಿಯನ್ನು ನಿಂತ ಸೈಕಲ್ಲಿನ ಮೇಲೆ ಕೂರಿಸಿ, ಕಾಲು ಸೋಲುವ ತನಕ ತುಳಿಸಿದರು. ತೆಳುಗವಸಾಗಲಿ ಬಟ್ಟೆಗವಸಾಗಲಿ ಅವರ ದಮ್ಮನ್ನು ತಗ್ಗಿಸಲಿಲ್ಲ. ರಕ್ತದ ಆಮ್ಲಜನಕವೂ ಇಳಿಯಲಿಲ್ಲ. 2021ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ವರದಿ ಬೇರೆಯೇ ಹೇಳಿತು. ಬಟ್ಟೆಗವಸು ಕಟ್ಟಿಕೊಂಡು ಯಂತ್ರದ ಪಟ್ಟಿಯ ಮೇಲೆ ಓಡಿದ 31 ಮಂದಿ ತರುಣರು, ಗವಸಿಲ್ಲದೆ ಓಡಿದ್ದಕ್ಕಿಂತ ನೂರಕ್ಕೆ 14 ಪಾಲು ಬೇಗ ಸೋತರು.

ಒಬ್ಬರು ಹೌದೆನ್ನುತ್ತಾರೆ, ಒಬ್ಬರು ಅಲ್ಲವೆನ್ನುತ್ತಾರೆ, ಇದೇನು ವಿಜ್ಞಾನವೆಂದು ನೀವು ಬೇಸರಪಡಬಾರದು. ಗವಸಿನ ಬಟ್ಟೆ ಬೇರೆ, ಬಿಗಿ ಬೇರೆ, ದಣಿಸಿದ ಕ್ರಮ ಬೇರೆ. ಪರೀಕ್ಷೆಗೆ ನಿಂತವರೂ ಕೆಲವೇ ಮಂದಿ. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ನಮ್ಮ ಹುಡುಗರಿಗೆ ಬೇಕಾದಷ್ಟು ತಿಳಿಯುತ್ತದೆ. ಆರೋಗ್ಯವಂತ ತರುಣನಿಗೆ ಗವಸಿನಿಂದ ಅಪಾಯ ತೋರಲಿಲ್ಲ. ಆದರೆ ಶಕ್ತಿಯ ಕೊನೆಯ ಅಂಚಿನಲ್ಲಿ ಅದು ಅವನನ್ನು ಹಿಂದಕ್ಕೆಳೆಯಬಹುದು. ಆರೂವರೆ ನಿಮಿಷದ ಲೆಕ್ಕ ನಡೆಯುವುದು ಆ ಅಂಚಿನಲ್ಲಿಯೇ.

ಬೆವರಿನ ಮಾತನ್ನು ಇಲ್ಲಿ ಸೇರಿಸಬೇಕು. ಒಣಬಟ್ಟೆ ಗಾಳಿ ಬಿಡುತ್ತದೆ, ನೆನೆದ ಬಟ್ಟೆ ಬಿಡುವುದಿಲ್ಲ. ಒದ್ದೆ ಪಂಚೆಯ ಅಂಚನ್ನು ಬಾಯಿಗೆ ಹಿಡಿದು ಒಂದು ಸಲ ಉಸಿರೆಳೆದು ನೋಡಿ, ತಿಳಿಯುತ್ತದೆ. ನೂಲಿನ ಸಂದುಗಳಲ್ಲಿ ನೀರು ತೆರೆಯಂತೆ ನಿಂತುಬಿಡುತ್ತದೆ. ಓಡುವವನ ಬೆವರು ಮೇಲಿನಿಂದ, ಉಸಿರಿನ ತೇವ ಒಳಗಿನಿಂದ. ಕೆಲವೇ ನಿಮಿಷದಲ್ಲಿ ಗವಸು ಹಸಿಯಾಗಿ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಹಸಿಬಟ್ಟೆಯಲ್ಲಿ ಕ್ರಿಮಿಗಳು ಬೆಳೆಯುತ್ತವೆ, ಕೆನ್ನೆಗೆ ಬೊಕ್ಕೆ ಏಳುತ್ತದೆ. ಜಾಗತಿಕ ಆರೋಗ್ಯ ಸಂಸ್ಥೆಯು 2020ರ ಜೂನ್‌ನಲ್ಲಿ, ವ್ಯಾಯಾಮ ಮಾಡುವಾಗ ಗವಸು ಬೇಡ, ಒಬ್ಬರಿಗೊಬ್ಬರು ದೂರವಿರುವುದೇ ಮುಖ್ಯ ಎಂದು ಹೇಳಿದ್ದು ಈ ಉಸಿರಿನ ಕಷ್ಟವನ್ನೂ ಬೆವರನ್ನೂ ನೋಡಿಯೇ. ಅದೇ ಸಂಸ್ಥೆ, ಗವಸನ್ನು ಬಹಳ ಹೊತ್ತು ತೊಟ್ಟರೂ ಅದರಿಂದ ಆಮ್ಲಜನಕದ ಕೊರತೆಯಾಗಲಿ ಇಂಗಾಲಾಮ್ಲದ ವಿಷವಾಗಲಿ ಉಂಟಾಗದು ಎಂದೂ ಸ್ಪಷ್ಟಪಡಿಸಿತು. ಜನ ಮೊದಲನೆಯ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಕೈಬಿಟ್ಟರು.

ಹೀಗೆ ಅರ್ಧ ಮಾತನ್ನು ಹಿಡಿಯುವುದರಿಂದ ಆದ ಕೇಡು ಸಣ್ಣದಲ್ಲ. 2020ರ ಏಪ್ರಿಲ್ 15ರಂದು ಕೇಂದ್ರ ಸರ್ಕಾರ ಸಾರ್ವಜನಿಕ ಸ್ಥಳಗಳಲ್ಲೆಲ್ಲ ಮುಖ ಮುಚ್ಚಿಕೊಳ್ಳುವುದನ್ನು ಕಡ್ಡಾಯಮಾಡಿತು. ಆ ದಿನಗಳಲ್ಲಿ ಚೀನಾದಿಂದ ಒಂದು ಸುದ್ದಿ ಬಂತು: ಶಾಲೆಯ ಮಕ್ಕಳು ಗವಸು ತೊಟ್ಟು ಓಡುವಾಗ ಕುಸಿದುಬಿದ್ದು ಸತ್ತರೆಂದು. ಸಾವು ನಿಜ, ಗವಸೇ ಕಾರಣವೆಂಬುದು ರುಜುವಾತಾಗಲಿಲ್ಲ. ಎಳೆಯರು ಆಟದ ಬಯಲಿನಲ್ಲಿ ಹಠಾತ್ತನೆ ಬಿದ್ದು ಸಾಯುವ ದುರಂತಗಳಲ್ಲಿ ಬಹುಪಾಲು, ಯಾರಿಗೂ ತಿಳಿಯದೆ ಅಡಗಿದ್ದ ಹೃದಯದ ದೋಷದಿಂದ ಆಗುವಂಥವು. ಗವಸಿನ ಹೆಸರನ್ನೇ ಕೇಳದ ಕಾಲದಲ್ಲಿಯೂ ಆಗುತ್ತಿದ್ದವು. ಆದರೆ ಸುದ್ದಿ ಇಷ್ಟನ್ನೆಲ್ಲ ಹೊತ್ತುಕೊಂಡು ಊರೂರು ತಿರುಗುವುದಿಲ್ಲ. ಓಡುವವನಿಗೆ ಅನ್ವಯಿಸುವ ಮಾತು ಸಂತೆಯಲ್ಲಿ ನಿಂತವನ ನೆಪವಾಯಿತು. ಆ ಜೂನ್ 25ರಿಂದ ನಮ್ಮ ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮೀರಿದ ಮಕ್ಕಳು ಗವಸು ಧರಿಸಿಯೇ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದರು. ಮೂರು ಮೂರು ಗಂಟೆ ಕುಳಿತು ಬರೆದ ಅವರನ್ನು ಕಣ್ಣಾರೆ ಕಂಡ ಉಪಾಧ್ಯಾಯರ ಮುಂದೆ ‘ಮಾಸ್ಕಿನಿಂದ ಪ್ರಾಣ ಹೋಗುತ್ತದೆ’ ಎಂಬ ಮಾತು ನಿಲ್ಲಲಾರದು.

ಆ ಕಟ್ಟಳೆಯ ಕಾಲ ಮುಗಿಯಿತು. ಈಗ ಉಳಿದಿರುವುದು ಧೂಳಿನ ಪ್ರಶ್ನೆ. ನಮ್ಮ ಸೀಮೆಯವರಿಗೆ ಇದೇ ದೊಡ್ಡದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ಹೊರಗಿನವರು ಹಸುರು ಸೀಮೆಯೆಂದು ಹೊಗಳುತ್ತಾರೆ. ಮಟ್ಟೆಯನ್ನು ಜಜ್ಜಿ ನಾರು ಬಿಡಿಸುವ ಕಾರ್ಖಾನೆಯ ಪಕ್ಕದಲ್ಲಿ ಅವರು ಒಂದು ಬೆಳಿಗ್ಗೆ ಓಡಬೇಕು! ಚಿಪ್ಪು ಸುಟ್ಟು ಇದ್ದಿಲು ಮಾಡುವ ಕಡೆ ಹೊಗೆ. ಸುಗ್ಗಿಯಲ್ಲಿ ರಾಗಿಯನ್ನೂ ಹುರುಳಿಯನ್ನೂ ಟಾರು ರಸ್ತೆಯ ಮೇಲೆಯೇ ಹರಡಿ ಒಕ್ಕುವುದರಿಂದ ಸುಂಕು. ಚಿಕ್ಕನಾಯಕನಹಳ್ಳಿಯ ಸುತ್ತಿನ ಅದಿರುಗಣಿಗಳ ಲಾರಿಗಳು ಎಬ್ಬಿಸುತ್ತಿದ್ದ ಕೆಂಧೂಳು ರಸ್ತೆಬದಿಯ ತೆಂಗಿನ ಗರಿಗಳಿಗೆ ಬಣ್ಣ ಬಳಿದಿದ್ದನ್ನು, 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತುಮಕೂರು ಜಿಲ್ಲೆಯ ಗಣಿಗಳ ಕೆಲಸವನ್ನು ನಿಲ್ಲಿಸುವ ಮೊದಲು ಆ ದಾರಿಯಲ್ಲಿ ಓಡಾಡಿದವರು ಮರೆತಿರಲಾರರು.

ದಪ್ಪ ಧೂಳನ್ನು ಮೂಗಿನ ಕೂದಲೂ ಸಿಂಬಳವೂ ಹಿಡಿದುಹಾಕುತ್ತವೆ. ಓಡುವವನು ಬಾಯಿಂದ ಉಸಿರಾಡುವುದರಿಂದ ಈ ಕಾವಲು ತಪ್ಪುತ್ತದೆ; ಗಾಳಿಯ ಮೊತ್ತವೂ ಹತ್ತು ಪಾಲಾಗಿರುವುದರಿಂದ ಒಳಗಿಳಿಯುವ ಧೂಳೂ ಹೆಚ್ಚು. ಆದ್ದರಿಂದ ಧೂಳಿಗೆಂದು ಗವಸು ಕಟ್ಟಿದ ಹುಡುಗನ ಎಣಿಕೆಯಲ್ಲಿ ಹುರುಳಿದೆ. ಆದರೆ ಅವನು ಕಟ್ಟಿದ್ದು ಹಳೆಯ ಅಂಗಿಯ ತುಂಡು. ಕಣ್ಣಿಗೆ ಕಾಣುವ ಧೂಳನ್ನು ಅದು ತಡೆದೀತು. ಹೊಗೆಯಲ್ಲಿರುವ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು, ಶ್ವಾಸಕೋಶದ ಕೊನೆಯ ಗೂಡಿನವರೆಗೂ ಇಳಿಯುವಂಥವು, ಅದರ ಸಂದಿಯಲ್ಲಿಯೂ ಕೆನ್ನೆಯ ಪಕ್ಕದಲ್ಲಿಯೂ ನುಸುಳಿ ಹೋಗುತ್ತವೆ. ಅವನ್ನು ಹಿಡಿಯುವುದು ಎನ್-95. 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 95ನ್ನಾದರೂ ತಡೆಯಬೇಕೆಂಬುದೇ ಆ ಹೆಸರಿನ ಅರ್ಥ. ಅದನ್ನು ಬಿಗಿಯಾಗಿ ತೊಟ್ಟು 1600 ಮೀಟರು ಬಿರುಸಾಗಿ ಓಡುವುದು ಎಳನೀರಿನ ಕೊಳವೆಯ ಪಾಡು. ಗಾಳಿ ಕೆಟ್ಟಿರುವ ಕಡೆ ದುಡಿಯಲೇಬೇಕಾದ ನಾರಿನ ಕಾರ್ಖಾನೆಯ ಹೆಂಗಸರಿಗೆ ಅದು ಬೇಕು, ಮಾಲೀಕರು ಕೊಡಿಸಲೂಬೇಕು. ಓಡುವವನಿಗೆ ಬೇರೆ ದಾರಿ ಹಿಡಿಯುವ ಸ್ವಾತಂತ್ರ್ಯವಿದೆ: ಕೆರೆ ಏರಿ, ತೋಟದ ನಡುವಿನ ಬಂಡಿಜಾಡು, ಶಾಲೆಯ ಬಯಲು. ಲಾರಿಗಳು ಹೊರಡುವ ಮೊದಲು, ಮಳೆ ಬಿದ್ದ ಮರುದಿನ ಓಡಿದರೆ ಇನ್ನೂ ಒಳ್ಳೆಯದು.

ನಾವು ಎಸೆಯುವ ಅಥವಾ ಒಲೆಗೆ ಹಾಕುವ ತೆಂಗಿನ ಕರಟಕ್ಕೂ ಗವಸಿಗೂ ಒಂದು ಹಳೆಯ ಸಂಬಂಧವಿದೆ. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪರ್ ಬಳಿ ಜರ್ಮನರು ಕ್ಲೋರೀನ್ ವಿಷಗಾಳಿಯನ್ನು ಬಿಟ್ಟರು. ಸೈನಿಕರು ಮೊದಮೊದಲು ಒದ್ದೆಬಟ್ಟೆಯನ್ನು ಮೂಗಿಗೊತ್ತಿಕೊಂಡರು. ಆಮೇಲೆ ಇದ್ದಿಲು ತುಂಬಿದ ಡಬ್ಬಿಯ ಗವಸುಗಳು ಬಂದವು. ಬಿಸಿ ಹಬೆಯಲ್ಲಿ ಹದಮಾಡಿದ ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ವಿಷದ ಅಣುಗಳು ಅದರ ಒಳಗೋಡೆಗೆ ಅಂಟಿ ಉಳಿಯುತ್ತವೆ, ಶುದ್ಧಗಾಳಿ ಹಾದುಹೋಗುತ್ತದೆ. ಈ ಕೆಲಸಕ್ಕೆ ಅತ್ಯುತ್ತಮವೆಂದು ಕಂಡುಬಂದದ್ದು ಕರಟದ ಇದ್ದಿಲು. ಕರಟ ಸಾಲದೆ, 1918ರಲ್ಲಿ ಅಮೆರಿಕದವರು ಪೀಚ್ ಹಣ್ಣಿನ ಓಟೆಗಳನ್ನೂ ಕಾಯಿಗಳ ಸಿಪ್ಪೆಯನ್ನೂ ಮನೆಮನೆಯಿಂದ ಕೂಡಿಸಿದರು. ಅಂಥ ಗವಸು ಪ್ರಾಣ ಉಳಿಸುತ್ತಿತ್ತು. ಆದರೆ ಅದನ್ನು ತೊಟ್ಟು ಓಡುವುದು ಸೈನಿಕನಿಗೂ ಸುಲಭವಾಗಿರಲಿಲ್ಲ. ಪ್ರಾಣ ಮುಖ್ಯವೆಂದು ಕಷ್ಟವನ್ನು ಸಹಿಸಿದರು.

ಇನ್ನುಳಿದವನು ದಮ್ಮು ಹೆಚ್ಚುತ್ತದೆಂದ ಹುಡುಗ. ಇವನ ಮಾತಿಗೆ ಬೆಂಬಲವಾಗಿ ಅಂಗಡಿಯಲ್ಲಿ ‘ತಾಲೀಮು ಗವಸು’ ಎಂಬ ರಬ್ಬರಿನ ಸಾಮಾನೇ ಮಾರಾಟಕ್ಕಿದೆ. ತೊಟ್ಟು ಓಡಿದರೆ ಬೆಟ್ಟದ ಮೇಲೆ ಓಡಿದಂತೆ ಎಂದು ಮಾರುವವರ ಮಾತು. ಬೆಟ್ಟದ ಗುಣವೇ ಬೇರೆ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೋ ನಗರ 2240 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯೇ ತೆಳುವಾಗಿದ್ದುದರಿಂದ ದೂರದ ಓಟಗಾರರು ಬಹಳ ದಣಿದರು. ಎತ್ತರದ ನಾಡಿನಿಂದ ಬಂದಿದ್ದ ಕೀನ್ಯಾದ ಕಿಪ್‌ಚೋಗೆ ಕೈನೋ 1500 ಮೀಟರನ್ನು ಗೆದ್ದನು. ಅಂಥ ಎತ್ತರದಲ್ಲಿ ವಾರಗಟ್ಟಲೆ ಹಗಲಿರುಳು ಬಾಳಿದವನ ಮೈ ಹೆಚ್ಚು ಕೆಂಪುರಕ್ತಕಣಗಳನ್ನು ಮಾಡಿಕೊಳ್ಳುತ್ತದೆ. ಗವಸು ಗಾಳಿಯನ್ನು ತೆಳುಮಾಡುವುದಿಲ್ಲ, ಎಳೆಯುವುದನ್ನು ಕಷ್ಟಮಾಡುತ್ತದೆ. ಹೆಚ್ಚೆಂದರೆ ಉಸಿರೆಳೆಯುವ ಸ್ನಾಯುಗಳಿಗೆ ಕೊಂಚ ಸಾಧಕ. ಅದಕ್ಕೆ ತೆರುವ ಬೆಲೆಯೇನೆಂದರೆ, ಅದನ್ನು ತೊಟ್ಟವನು ತನ್ನ ಪೂರ್ಣ ವೇಗದಲ್ಲಿ ಓಡಲಾರ. ಪೂರ್ಣ ವೇಗದಲ್ಲಿ ಓಡದವನ ಕಾಲಿಗೆ ಆ ವೇಗ ರೂಢಿಯಾಗದು. ಅದಕ್ಕೆ ಕೊಡುವ ಹಣವನ್ನು ಮೊಟ್ಟೆಗೋ ಕಡಲೆಕಾಯಿಗೋ ಒಳ್ಳೆಯ ಬೂಟಿಗೋ ಹಾಕುವುದು ಮೇಲು.

ಉಬ್ಬಸದವರ ವಿಷಯದಲ್ಲಿ ಒಂದು ವಿನಾಯಿತಿಯನ್ನು ಹೇಳಬೇಕು. ಮಾಗಿಯ ಕೊರೆಯುವ ಒಣಗಾಳಿಯನ್ನು ಬಿರುಸಾಗಿ ಎಳೆದುಕೊಂಡಾಗ ಕೆಲವರ ಶ್ವಾಸನಾಳಗಳು ಬಿಗಿದುಕೊಂಡು ಗೊರಗೊರ ಶಬ್ದ ಬರುತ್ತದೆ. ಅಂಥವರು ಮಫ್ಲರನ್ನು ಬಾಯಿಯ ಮುಂದೆ ಸಡಿಲವಾಗಿ ಸುತ್ತಿಕೊಂಡರೆ, ಬಿಟ್ಟ ಉಸಿರಿನ ಬಿಸಿಯೂ ತೇವವೂ ಮುಂದಿನ ಉಸಿರಿಗೆ ದೊರೆತು ಅನುಕೂಲವಾಗುತ್ತದೆ. ಇದು ನಿಧಾನದ ಓಟಕ್ಕೆ, ವೈದ್ಯರನ್ನು ಕೇಳಿದ ಮೇಲೆ. ಹೃದ್ರೋಗದವರು, ಹಳೆಯ ಕೆಮ್ಮುದಮ್ಮಿನವರು, ಗರ್ಭಿಣಿಯರು ಗವಸು ತೊಟ್ಟು ಬಿರುಸಿನ ವ್ಯಾಯಾಮವನ್ನು ತಾವಾಗಿ ಆರಂಭಿಸಬಾರದು.

ಯಾವುದೋ ಕಾರಣದಿಂದ ತೊಟ್ಟೇ ಓಡಬೇಕಾಗಿ ಬಂದರೆ ವೇಗವನ್ನು ತಗ್ಗಿಸಿ. ಜೊತೆಯವನೊಡನೆ ಎರಡು ಮಾತಾಡಲು ಆಗುವಷ್ಟು ಉಸಿರು ಉಳಿದಿರಲಿ. ತಲೆ ತಿರುಗಿದರೆ, ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ ತಕ್ಷಣ ನಿಂತು ಗವಸು ತೆಗೆದು ಕುಳಿತುಕೊಳ್ಳಬೇಕು. ನಿಂತ ಮೇಲೂ ಎದೆನೋವು ಕಡಮೆಯಾಗದಿದ್ದರೆ ಅದನ್ನು ಗವಸಿನ ಲೆಕ್ಕಕ್ಕೆ ಬರೆದು ಸುಮ್ಮನಿರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಓಟದ ಪರೀಕ್ಷೆಗೆ ತುಂಬಿದ ಬಸ್ಸಿನಲ್ಲಿ ಹೋಗುವ ಮಕ್ಕಳ ಚೀಲದಲ್ಲಿ ಒಣಗಿದ ಎರಡು ಗವಸುಗಳಿರಲಿ, ಹೋಗುವಾಗಲೊಂದು, ಬರುವಾಗಲೊಂದು. ಯಾರಿಗೋ ಇರುವ ನೆಗಡಿಜ್ವರವನ್ನು ಪರೀಕ್ಷೆಯ ಹೊತ್ತಿಗೆ ಹಚ್ಚಿಕೊಳ್ಳದಿರಲು ಬಸ್ಸಿನಲ್ಲಿ ಅದು ಕೆಲಸಕ್ಕೆ ಬರುತ್ತದೆ. ಮೈದಾನದ ಗೆರೆಯ ಬಳಿ ನಿಲ್ಲುವಾಗ ತೆಗೆದು ಜೊತೆಯವರ ಕೈಗೆ ಕೊಟ್ಟು ಓಡಲಿ.